ನಾಮಕರಣದ ಆಚಾರ್ಯ ಲಿನೇಯಸ್

ಒಂದೇ ಕೀಟವನ್ನು ಊರಿಗೊಂದು ಹೆಸರಿನಿಂದ ಕರೆಯುವುದು ಲೋಕದ ವಾಡಿಕೆ. ಆಡುಮಾತಿನಲ್ಲಿ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಶಾಸ್ತ್ರದಲ್ಲಿ ಒಂದು ಜೀವಿಗೆ ಎರಡು ಹೆಸರುಗಳಿದ್ದರೆ ಗೊಂದಲವುಂಟಾಗುತ್ತದೆ. ಈ ಗೊಂದಲವನ್ನು ನೀಗುವ ಮಾರ್ಗಕ್ಕೆ ತಳಹದಿ ಹಾಕಿದವನು ಕಾರ್ಲ್ ಲಿನೇಯಸ್.

ಲಿನೇಯಸ್ 1707ನೆಯ ಇಸವಿ ಮೇ 23ರಂದು ಸ್ವೀಡನ್ ದೇಶದ ರೋಶುಲ್ಟ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ನಿಲ್ಸ್ ಪಾದ್ರಿ. ಹೂದೋಟವೆಂದರೆ ಅವನಿಗೆ ಪ್ರಾಣ. ಮಗನೂ ಪಾದ್ರಿಯಾಗಲೆಂದು ಅವನು ಬಯಸಿದ್ದನು. ಆದರೆ ಬಾಲಕನ ಮನಸ್ಸು ಪಾಠಕ್ಕಿಂತ ಗಿಡಮರಗಳಲ್ಲಿಯೇ ನೆಟ್ಟಿತ್ತು. ಇವನಿಗೆ ವಿದ್ಯೆ ಹತ್ತದೆಂದು ಉಪಾಧ್ಯಾಯರು ತಿಳಿಸಿದಾಗ ತಂದೆ ನೊಂದುಕೊಂಡನು. ಆಗ ವೈದ್ಯನೂ ಶಿಕ್ಷಕನೂ ಆಗಿದ್ದ ರೋತ್ಮನ್ ಎಂಬಾತನು ಹುಡುಗನ ಪ್ರತಿಭೆಯನ್ನು ಗುರುತಿಸಿ, ಅವನನ್ನು ವೈದ್ಯವಿದ್ಯೆಯ ಕಡೆಗೆ ತಿರುಗಿಸಿದನು. ಬಡತನದಲ್ಲಿಯೇ ಓದಿದ ಲಿನೇಯಸ್ 1741ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು.

ಆ ಕಾಲದಲ್ಲಿ ಜೀವಿಗಳ ಶಾಸ್ತ್ರೀಯ ನಾಮಗಳು ಉದ್ದುದ್ದನೆಯ ವರ್ಣನೆಗಳಾಗಿದ್ದವು. ಯೂರೋಪಿನ ಜೇನುನೊಣದ ಹೆಸರಿನಲ್ಲಿ ಅದರ ರೋಮ, ಎದೆ, ಹೊಟ್ಟೆ, ಹಿಂಗಾಲುಗಳನ್ನೆಲ್ಲ ಬಣ್ಣಿಸುವ ಹತ್ತಕ್ಕೂ ಮಿಗಿಲಾದ ಲ್ಯಾಟಿನ್ ಪದಗಳಿದ್ದವು. ಲಿನೇಯಸ್ ಇದನ್ನು ಎರಡೇ ಪದಗಳಿಗೆ ಇಳಿಸಿದನು. ಮೊದಲನೆಯದು ಕುಲವನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುತ್ತದೆ. 1758ರಲ್ಲಿ ಪ್ರಕಟವಾದ ‘ಸಿಸ್ಟೆಮಾ ನ್ಯಾಚುರೆ’ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಈ ಜೇನುನೊಣವು ‘ಏಪಿಸ್ ಮೆಲ್ಲಿಫೆರಾ’ ಎನಿಸಿತು. ಮೆಲ್ಲಿಫೆರಾ ಎಂದರೆ ಜೇನನ್ನು ಹೊರುವುದು ಎಂದರ್ಥ.

ಆದರೆ ನೊಣವು ಹೂವಿನಿಂದ ಹೊತ್ತು ತರುವುದು ಮಕರಂದವನ್ನು. ಜೇನು ಸಿದ್ಧವಾಗುವುದು ಗೂಡಿನಲ್ಲಿ. ಆದ್ದರಿಂದ 1761ರಲ್ಲಿ ಲಿನೇಯಸ್ ಅದನ್ನು ಜೇನು ಮಾಡುವುದು ಎಂಬರ್ಥದ ‘ಮೆಲ್ಲಿಫಿಕಾ’ ಎಂದು ಕರೆದನು. ಉದ್ದೇಶ ಒಳ್ಳೆಯದೇ, ಆದರೆ ಒಂದು ಕೀಟಕ್ಕೆ ಎರಡು ಹೆಸರುಗಳಾದವು. ಅವನ ಶಿಷ್ಯ ಫೆಬ್ರೀಷಿಯಸ್ಸನಿಂದಲೂ ಇಂಥದೇ ಸಂಗತಿ ನಡೆಯಿತು. ನಮ್ಮ ನಾಡಿನಲ್ಲಿ ತುಡುವೆ ಎನಿಸಿಕೊಂಡಿರುವ ಜೇನುನೊಣದ ಪ್ರಭೇದಕ್ಕೆ ಅವನು 1793ರಲ್ಲಿ ‘ಸೆರಾನಾ’ ಎಂದೂ 1798ರಲ್ಲಿ ‘ಇಂಡಿಕಾ’ ಎಂದೂ ಹೆಸರಿಟ್ಟನು. ಇವೆರಡೂ ಒಂದೇ ಪ್ರಭೇದವೆಂದು ನಂತರದ ವಿದ್ವಾಂಸರು ನಿರ್ಣಯಿಸಿದರು.

ಇಂತಹ ತೊಡಕುಗಳನ್ನು ಬಿಡಿಸಲು 1842ರಲ್ಲಿ ಇಂಗ್ಲೆಂಡಿನ ಸ್ಟ್ರಿಕ್‌ಲ್ಯಾಂಡ್ ಮೊದಲಾದ ವಿದ್ವಾಂಸರು ನಿಯಮಗಳನ್ನು ರಚಿಸಿದರು. ಆ ಸಮಿತಿಯಲ್ಲಿ ಡಾರ್ವಿನ್ನನೂ ಇದ್ದನು. ಮುಂದೆ ಇವು ಅಂತಾರಾಷ್ಟ್ರೀಯ ನಿಯಮಗಳಾಗಿ ಬೆಳೆದವು. ಅವುಗಳ ಪ್ರಕಾರ ಸಾಮಾನ್ಯವಾಗಿ ಮೊದಲು ಪ್ರಕಟವಾದ ಹೆಸರೇ ಸಿಂಧು. ಒಂದೇ ಹೆಸರನ್ನು ಇಬ್ಬರು ಬೇರೆ ಬೇರೆ ಪ್ರಾಣಿಗಳಿಗೆ ಇಟ್ಟಿದ್ದರೆ, ತರುವಾಯದ್ದಕ್ಕೆ ಹೊಸ ಹೆಸರು ಬೇಕು. ಪ್ರಾಣಿನಾಮಗಳ ಎಣಿಕೆ ಲಿನೇಯಸ್ಸನ 1758ರ ಗ್ರಂಥದಿಂದಲೇ ಆರಂಭವಾಗುತ್ತದೆ.

ಈ ನಿಯಮ ಗುರುವನ್ನೂ ಬಿಡಲಿಲ್ಲ. ಅರ್ಥದಲ್ಲಿ ಮೆಲ್ಲಿಫಿಕಾ ಮೇಲಾದರೂ ಮೆಲ್ಲಿಫೆರಾ ಎಂಬುದೇ ಉಳಿಯಿತು. ತುಡುವೆಯ ಪ್ರಭೇದವು ‘ಏಪಿಸ್ ಸೆರಾನಾ’ ಆಯಿತು. ಇಂಡಿಕಾ ಎಂಬುದು ಉಪಪ್ರಭೇದದ ಹೆಸರಾಗಿ ಉಳಿದುಕೊಂಡಿತು.

ಲಿನೇಯಸ್ 1778ರ ಜನವರಿ 10ರಂದು ನಿಧನನಾದನು. ಅವನು ಸಂಗ್ರಹಿಸಿದ ಕೀಟಗಳು ಇಂದಿಗೂ ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿವೆ. ಅವನಿಟ್ಟ ಹೆಸರು ಯಾವ ಕೀಟಕ್ಕೆ ಸಲ್ಲುವುದೆಂಬ ಸಂದೇಹ ಬಂದಾಗ ವಿದ್ವಾಂಸರು ಅವನ್ನೇ ಪರೀಕ್ಷಿಸುತ್ತಾರೆ. ಹೆಸರು ಕೇವಲ ವರ್ಣನೆಯಲ್ಲ, ಅದೊಂದು ಒಪ್ಪಂದ. ಅದನ್ನು ಹಾಕಿಕೊಟ್ಟವನೂ ಅದಕ್ಕೆ ತಲೆಬಾಗಿದಾಗಲೇ ಶಾಸ್ತ್ರ ಎಲ್ಲರ ಸೊತ್ತಾಗುತ್ತದೆ.