ಕಮಲಾದೇವಿ: ಹೆಸರಿನೊಳಗಿನ ಊರುಗಳು

ನಾನು ಎಂ.ಟೆಕ್ ಮಾಡಿದ್ದು ಸುರತ್ಕಲ್ಲಿನ ಎನ್‌ಐಟಿಯಲ್ಲಿ. ಕೆಲಸ ಸಿಕ್ಕಿ ದೆಹಲಿ ಕಡೆಗೆ ಬಂದಾಗ, ಫರಿದಾಬಾದಿನಲ್ಲಿ ಬಾಡಿಗೆ ಮನೆ ತೋರಿಸಿದ ಬ್ರೋಕರ್ ಇದು ಎನ್‌ಐಟಿ ಏರಿಯಾ ಎಂದ. ಹತ್ತಿರದಲ್ಲಿ ಕಾಲೇಜು ಇರಬೇಕು ಅಂದುಕೊಂಡೆ. ಆಮೇಲೆ ತಿಳಿಯಿತು, ಇಲ್ಲಿ ಎನ್‌ಐಟಿ ಎಂದರೆ ನ್ಯೂ ಇಂಡಸ್ಟ್ರಿಯಲ್ ಟೌನ್. ದೇಶ ವಿಭಜನೆಯಾದಾಗ ವಾಯವ್ಯ ಗಡಿ ಪ್ರಾಂತ್ಯದ ಬನ್ನು, ಡೇರಾ ಇಸ್ಮಾಯಿಲ್ ಖಾನ್, ಪೇಶಾವರ ಮುಂತಾದ ಕಡೆಗಳಿಂದ ಬಂದ ನಿರಾಶ್ರಿತರಿಗಾಗಿ ಎದ್ದ ಊರು ಇದು.

ನಮ್ಮ ಪಕ್ಕದ ಮನೆಯ ಆಂಟಿಯ ತಂದೆ ತಾಯಿ ಬನ್ನುವಿನವರು. ಆಂಟಿ ಹುಟ್ಟಿದ್ದು ಫರಿದಾಬಾದಿನಲ್ಲೇ, ಬನ್ನುವನ್ನು ಒಮ್ಮೆಯೂ ನೋಡಿಲ್ಲ. ಆದರೂ ನಿಮ್ಮೂರು ಯಾವುದು ಎಂದರೆ ಬನ್ನು ಎನ್ನುತ್ತಾರೆ. ನಾನು ಕರ್ನಾಟಕದವಳೆಂದು ಗೊತ್ತಾದ ದಿನ ಅವರು ಒಂದು ಹೆಸರು ಹೇಳಿದರು. ಈ ಊರು ಕಟ್ಟುವಾಗ ತಮ್ಮವರ ಜೊತೆ ನಿಂತವರಲ್ಲಿ ಕಮಲಾದೇವಿ ಎಂಬುವರಿದ್ದರಂತೆ, ಅವರು ನಿಮ್ಮ ಕಡೆಯವರಂತೆ ಎಂದರು. ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ನಾನು ಕೇಳಿದ್ದೆ, ಆದರೆ ಬಂಗಾಳಿ ಎಂದುಕೊಂಡಿದ್ದೆ. ಎರಡು ವರ್ಷ ಅವರ ತವರೂರಿನ ಮಗ್ಗುಲಲ್ಲೇ ಓದಿದ ನನಗೆ ಅವರು ಮಂಗಳೂರಿನವರೆಂಬುದೇ ತಿಳಿದಿರಲಿಲ್ಲ. ನಾಚಿಕೆಯಾಯಿತು. ಅವರ ಬಗ್ಗೆ ಹುಡುಕಿ ಓದತೊಡಗಿದೆ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರ್ ಜಿಲ್ಲಾ ಕಲೆಕ್ಟರ್ ಆಗಿದ್ದವರು. ಧಾರೇಶ್ವರ ಎಂಬುದು ಕುಮಟಾ ಹತ್ತಿರದ ಊರು. ಗೋವಾದಿಂದ ದಕ್ಷಿಣಕ್ಕೆ ಸರಿದು ಕರಾವಳಿಯಲ್ಲಿ ನೆಲೆಸಿದ ಸಾರಸ್ವತರಲ್ಲಿ ಅನೇಕರು ತಾವು ನೆಲೆ ಕಂಡ ಊರಿನ ಹೆಸರನ್ನೇ ಮನೆತನದ ಹೆಸರಾಗಿಸಿಕೊಂಡರು. ಹಾಗೆ ಆ ಹುಡುಗಿಗೆ ಹುಟ್ಟುವಾಗಲೇ ಒಂದು ವಲಸೆಯ ಗುರುತು ಬಂದಿತ್ತು. ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು ಮತ್ತು ಕನ್ನಡ.

ತಾಯಿ ಗಿರಿಜಾಬಾಯಿ ಆ ಕಾಲಕ್ಕೆ ಅಪರೂಪವೆನಿಸುವಂತೆ ಓದಿಕೊಂಡವರು. ಅಜ್ಜಿಗೆ ಪುರಾಣ, ಮಹಾಕಾವ್ಯಗಳು ಚೆನ್ನಾಗಿ ತಿಳಿದಿದ್ದವು. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಗಿರಿಜಾಬಾಯಿಗೆ ತಿಂಗಳಿಗಿಷ್ಟು ಎಂದು ಹಣ ಕೊಡುವ ಮಾತು ಬಂತು. ಅವರು ಅದನ್ನು ಬೇಡವೆಂದು, ತವರಿನಿಂದ ಬಂದದ್ದರಲ್ಲೇ ಮಗಳನ್ನು ಬೆಳೆಸಿದರು. ಹುಟ್ಟಿದ ಮನೆಯಲ್ಲಿ ಹೆಣ್ಣಿಗೆ ಹಕ್ಕಿಲ್ಲ ಎಂಬ ಪಾಠ ಕಮಲಾದೇವಿಗೆ ಏಳನೇ ವಯಸ್ಸಿನಲ್ಲೇ ಆಯಿತು.

ಹದಿನಾಲ್ಕಕ್ಕೆ ಮದುವೆ, ಹದಿನಾರಾಗುವಷ್ಟರಲ್ಲಿ ವೈಧವ್ಯ. ತಾಯಿ ಮಗಳನ್ನು ಮೂಲೆಗೆ ಕೂರಿಸಲಿಲ್ಲ, ಓದಿಸಿದರು. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಸೇರಿದ ಕಮಲಾದೇವಿ ಅಲ್ಲಿಯ ಪರಿಚಯದಿಂದ ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ಹರೀಂದ್ರನಾಥರದೂ ವಲಸೆಯ ಮನೆತನ, ಹೈದರಾಬಾದಿನಲ್ಲಿ ನೆಲೆಸಿದ ಬಂಗಾಳಿಗಳು. ವಿಧವೆಯ ಮರುಮದುವೆ, ಅದೂ ಬೇರೆ ಭಾಷೆಯವರೊಂದಿಗೆ. ಜನ ಆಡಿಕೊಂಡರು. ಕಮಲಾದೇವಿ ಕೇಳಿಸಿಕೊಳ್ಳಲಿಲ್ಲ. ಮುಂದೆ ಆ ಮದುವೆ ಮುರಿದು ವಿಚ್ಛೇದನವಾಯಿತು, ಚಟ್ಟೋಪಾಧ್ಯಾಯ ಎಂಬ ಹೆಸರು ಮಾತ್ರ ಕೊನೆವರೆಗೂ ಉಳಿಯಿತು. ನಾನು ಮೋಸಹೋದದ್ದು ಅಲ್ಲೇ.

1926ರಲ್ಲಿ ಮದ್ರಾಸ್ ಶಾಸನಸಭೆಗೆ ಚುನಾವಣೆಗೆ ನಿಂತು ಸ್ವಲ್ಪ ಮತಗಳಿಂದ ಸೋತರು. ಮರುವರ್ಷ ಶುರುವಾದ ಅಖಿಲ ಭಾರತ ಮಹಿಳಾ ಸಮ್ಮೇಳನದಲ್ಲಿ ಸಂಘಟನೆಯ ಹೊಣೆ ಹೊತ್ತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲಿರಬೇಕೆಂದು ಗಾಂಧೀಜಿಯವರ ಮುಂದೆ ವಾದಿಸಿದರು. ಮುಂಬಯಿಯಲ್ಲಿ ಉಪ್ಪು ಮಾಡಿ, ಮಾರಿ, ಜೈಲಿಗೆ ಹೋದರು. ಇಷ್ಟನ್ನು ಶಾಲೆಯ ಪುಸ್ತಕದವರೂ ಒಂದು ಸಾಲಿನಲ್ಲಿ ಹೇಳುತ್ತಾರೆ.

ನನ್ನ ಮನಸ್ಸು ನಿಂತದ್ದು ಸ್ವಾತಂತ್ರ್ಯದ ನಂತರದ ವರ್ಷಗಳಲ್ಲಿ. ಅಷ್ಟು ಹೋರಾಡಿದವರಿಗೆ ಅಧಿಕಾರದ ರಾಜಕೀಯಕ್ಕೆ ಹೋಗುವುದು ಕಷ್ಟವಿರಲಿಲ್ಲ. ಅವರು ಹೋದದ್ದು ನಿರಾಶ್ರಿತರ ಶಿಬಿರಗಳಿಗೆ. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸ್ಥಾಪಿಸಿದರು. ಮನೆ, ಹೊಲ, ಅಂಗಡಿ ಎಲ್ಲ ಗಡಿಯಾಚೆ ಬಿಟ್ಟುಬಂದವರಿಗೆ ದಾನ ಕೊಡುತ್ತ ಹೋದರೆ ಅವರು ಎಂದೆಂದಿಗೂ ನಿರಾಶ್ರಿತರಾಗಿಯೇ ಉಳಿಯುತ್ತಾರೆ ಎಂಬುದು ಅವರ ನಿಲುವು. ಫರಿದಾಬಾದಿನಲ್ಲಿ ಗುತ್ತಿಗೆದಾರರ ಬದಲು ನಿರಾಶ್ರಿತರೇ ಸಹಕಾರ ಸಂಘ ಮಾಡಿಕೊಂಡು ಇಟ್ಟಿಗೆ ಹೊತ್ತರು, ಗೋಡೆ ಎಬ್ಬಿಸಿದರು. ಅಂಗಡಿ ನಡೆಸುತ್ತಿದ್ದವರು ಗಾರೆ ಕೆಲಸ ಕಲಿತರು. ಆಂಟಿಯ ತಂದೆಯೂ ಹಾಗೆ ಇಟ್ಟಿಗೆ ಹೊತ್ತವರಂತೆ.

ಮುಂದೆ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಅದರ ಹೊಣೆ ಕಮಲಾದೇವಿಯವರಿಗೆ ಬಂತು. ಊರೂರು ಅಲೆದು ನೇಕಾರರನ್ನು, ಕುಂಬಾರರನ್ನು, ಬಟ್ಟೆಗೆ ಬಣ್ಣ ಕಟ್ಟುವವರನ್ನು ಹುಡುಕಿದರು. ಶ್ರೀಕಾಳಹಸ್ತಿಯ ಕಲಂಕಾರಿ, ಜೈಪುರದ ನೀಲಿ ಕುಂಭಕಲೆ ಮತ್ತೆ ಚಿಗುರಲು ಅವರ ಆಸರೆ ಇತ್ತು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ನಮ್ಮ ಅಜ್ಜಿ. ನಮ್ಮದು ಸಾಗರ ತಾಲ್ಲೂಕಿನ ದೀವರ ಮನೆತನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಜ್ಜಿಯ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ಗೇಣಿ ಜಮೀನು, ತಮ್ಮ ಹೆಸರಿನಲ್ಲಿ ಕಾಗದವಿಲ್ಲ. ಗಾಡಿಯಲ್ಲಿ ಪಾತ್ರೆ, ಭತ್ತ, ಮಕ್ಕಳನ್ನು ಹೇರಿಕೊಂಡು ಹೊರಟರಂತೆ. ಹೊಸ ಜಾಗದಲ್ಲಿ ಗುಡಿಸಲಿನ ಮಣ್ಣುಗೋಡೆ ಒಣಗಿದೊಡನೆ ಅಜ್ಜಿ ಮಾಡಿದ ಮೊದಲ ಕೆಲಸ, ಅದಕ್ಕೆ ಕೆಮ್ಮಣ್ಣು ಬಳಿದು ಹಸೆ ಚಿತ್ತಾರ ಬರೆದದ್ದು. ಅಕ್ಕಿ ಅರೆದ ಬಿಳಿ, ಅಕ್ಕಿ ಹುರಿದ ಕಪ್ಪು, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಅದೇ ಗೆರೆಗಳು. ತಿನ್ನಲು ಗತಿಯಿಲ್ಲದಾಗ ಚಿತ್ತಾರ ಯಾಕೆ ಬೇಕಿತ್ತು ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ಅಜ್ಜಿ ನಕ್ಕು ಸುಮ್ಮನಾದಳು. ಕಮಲಾದೇವಿಯವರ ಬದುಕನ್ನು ಓದಿದ ಮೇಲೆ ಆ ನಗು ಸ್ವಲ್ಪ ಅರ್ಥವಾಗುತ್ತಿದೆ. ಮುಳುಗಿದ ಊರಿನಿಂದ ಅವಳು ತರಲು ಸಾಧ್ಯವಾದದ್ದು ಅದೊಂದೇ, ಕೈಯಲ್ಲಿದ್ದ ವಿದ್ಯೆ.

ಬೇಸರವೆಂದರೆ ಅದನ್ನು ನಾನು ಕಲಿಯಲಿಲ್ಲ. ಓದಬೇಕು, ಕೆಲಸ ಹಿಡಿಯಬೇಕು ಎಂಬ ಅವಸರದಲ್ಲಿ ಅಜ್ಜಿ ತೀರಿಹೋದಳು. ಅಮ್ಮನಿಗೆ ನಾಲ್ಕಾರು ವಿನ್ಯಾಸ ನೆನಪಿವೆ. ಈಗ ಭಾನುವಾರ ಅಮ್ಮ ವಿಡಿಯೋ ಕರೆಯಲ್ಲಿ ಹೇಳಿಕೊಡುತ್ತಾಳೆ, ನಾನೂ ಆರು ವರ್ಷದ ಮಗಳೂ ಹಾಳೆಯ ಮೇಲೆ ಬರೆಯುತ್ತೇವೆ. ನನ್ನ ಗೆರೆ ಸೊಟ್ಟ, ಮಗಳದ್ದು ವಾಸಿ. ಶಾಲೆಯಲ್ಲಿ ನಿಮ್ಮೂರು ಯಾವುದು ಎಂದು ಕೇಳಿದಾಗ ಅವಳು ಮೊದಲೆಲ್ಲ ಫರಿದಾಬಾದ್ ಎನ್ನುತ್ತಿದ್ದಳು. ಮೊನ್ನೆ ಎರಡು ಊರಿನ ಹೆಸರು ಹೇಳಿ, ಒಂದು ನೀರಿನಲ್ಲಿದೆ ಎಂದಳಂತೆ.

ಗೆಳತಿಯರೇ, ನಮ್ಮಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ಊರು ಬಿಟ್ಟು ಬಂದ ಒಂದು ಕಥೆ ಇರುತ್ತದೆ. ಅದರ ಜೊತೆ ಅಜ್ಜಿಯೋ ಅತ್ತೆಯೋ ಹೊತ್ತು ತಂದ ಒಂದು ಕೌದಿ ಹೊಲಿಗೆ, ಒಂದು ಸೋಬಾನೆ, ಒಂದು ರಂಗೋಲಿ ಎಳೆಯೂ ಇರುತ್ತದೆ. ಈ ಸಲದ ರಾಜ್ಯೋತ್ಸವಕ್ಕೆ ಅಂಥದ್ದೊಂದನ್ನು ಕಲಿತುಕೊಂಡು ಬರೋಣವೇ? ಕಲಿಸಬಲ್ಲ ಹಿರಿಯರು ಇನ್ನೂ ನಮ್ಮ ಜೊತೆ ಇರುವಾಗಲೇ.