ನಾವಿಕ ಪಾದ್ರಿ ಜಾನ್ ನ್ಯೂಟನ್

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರಿನಲ್ಲಿ ಓಲ್ನಿ ಎಂಬುದೊಂದು ಸಣ್ಣ ಊರು. ಹದಿನೆಂಟನೆಯ ಶತಮಾನದಲ್ಲಿ ಲೇಸು ಹೆಣೆದು ಹೊಟ್ಟೆ ಹೊರೆಯುವ ಬಡವರು ಅಲ್ಲಿ ಬಹಳ ಮಂದಿ ಇದ್ದರು. 1773ರ ಜನವರಿ 1ರಂದು ಆ ಊರಿನ ಪಾದ್ರಿ ಜಾನ್ ನ್ಯೂಟನ್ ತನ್ನ ಹೊಸ ವರ್ಷದ ಪ್ರವಚನಕ್ಕೆ ದಾವೀದರಾಜನ ಪ್ರಾರ್ಥನೆಯೊಂದನ್ನು ಆರಿಸಿಕೊಂಡನು. ದೇವರು ತನ್ನನ್ನು ಇಷ್ಟು ದೂರ ನಡೆಸಿ ತರಲು ತಾನು ಎಷ್ಟರವನು ಎಂದು ಬೆರಗಾಗಿ ಕೇಳುವ ಅರಸನ ಮಾತದು. ಆ ಪ್ರವಚನಕ್ಕೆ ಜೊತೆಯಾಗಿ ನ್ಯೂಟನ್ ರಚಿಸಿದನೆಂದು ನಂಬಲಾಗಿರುವ ಗೀತೆಯೇ ಇಂದು ಲೋಕವೆಲ್ಲ ಬಲ್ಲ ‘ಅಮೇಜಿಂಗ್ ಗ್ರೇಸ್’.

ತಾನು ಎಷ್ಟರವನು ಎಂಬ ಪ್ರಶ್ನೆ ನ್ಯೂಟನ್ನನ ಪಾಲಿಗೆ ಬರಿಯ ವಿನಯವಾಗಿರಲಿಲ್ಲ. ಆತನು 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದನು. ಏಳು ತುಂಬುವ ಮೊದಲೇ ದೈವಭಕ್ತೆಯಾದ ತಾಯಿಯನ್ನು ಕಳೆದುಕೊಂಡನು. ಹನ್ನೊಂದರ ವಯಸ್ಸಿಗೆ ತಂದೆಯ ಹಡಗನ್ನೇರಿದನು. 1744ರಲ್ಲಿ ಆತನನ್ನು ಬಲಾತ್ಕಾರದಿಂದ ನೌಕಾಪಡೆಗೆ ಸೇರಿಸಿದರು. ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದು ಚಾವಟಿಯ ಏಟು ತಿಂದನು. ದೇವರನ್ನು ಹಳಿಯುವುದರಲ್ಲಿ ಒರಟು ನಾವಿಕರನ್ನೂ ನಾಚಿಸಿದವನು ಆತನು.

ಬಳಿಕ ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಬಿಳಿಯ ಗುಲಾಮ ವ್ಯಾಪಾರಿಯೊಬ್ಬನ ಊಳಿಗಕ್ಕೆ ಬಿದ್ದು, ಜ್ವರದಿಂದ ನರಳಿ, ಅನ್ನಕ್ಕೆ ಬಾಯಿಬಿಡುವ ಗತಿ ಬಂದಿತು. ಆಗ ಸರಪಳಿಯಲ್ಲಿದ್ದ ಗುಲಾಮರೇ ತಮ್ಮ ಪಾಲಿನ ಅಲ್ಪ ಆಹಾರದಲ್ಲಿ ಒಂದಿಷ್ಟನ್ನು ಗುಟ್ಟಾಗಿ ತಂದು ಕೊಟ್ಟರೆಂದು ಆತನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಓದುಗರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

1748ರ ಮಾರ್ಚಿನಲ್ಲಿ, ಊರಿಗೆ ಮರಳುವ ಹಾದಿಯಲ್ಲಿ, ಆತನಿದ್ದ ‘ಗ್ರೇಹೌಂಡ್’ ಹಡಗು ಬಿರುಗಾಳಿಗೆ ಸಿಕ್ಕಿತು. ಒಂದು ಪಾರ್ಶ್ವ ಒಡೆದು ನೀರು ನುಗ್ಗಿತು. ಸರಕಿನಲ್ಲಿದ್ದ ಜೇನುಮೇಣವೂ ಮರವೂ ನೀರಿಗಿಂತ ಹಗುರವಾದ್ದರಿಂದ ಹಡಗು ಮುಳುಗದೆ ಉಳಿಯಿತು. ಗಂಟೆಗಟ್ಟಲೆ ನೀರೆತ್ತಿ ಬಳಲಿದ ನ್ಯೂಟನ್ನನ ಬಾಯಿಂದ, ತನಗರಿಯದೆಯೇ, ದೇವರ ಕರುಣೆಯನ್ನು ಬೇಡುವ ಮಾತು ಹೊರಟಿತು. ಸುಮಾರು ನಾಲ್ಕು ವಾರಗಳ ಅನಂತರ ಹಡಗು ಐರ್ಲೆಂಡಿನ ದಡ ಮುಟ್ಟಿತು. ಮಾರ್ಚ್ 21ನೆಯ ದಿನವನ್ನು ಆತನು ಬದುಕಿರುವತನಕ ಸ್ಮರಿಸಿಕೊಂಡನು.

ಭಕ್ತರ ಚರಿತ್ರೆಗಳು ಇಲ್ಲಿಗೆ ಮುಗಿದುಬಿಡುವುದುಂಟು. ಆದರೆ ಸತ್ಯ ಇಷ್ಟು ಸರಳವಲ್ಲ. ಬಿರುಗಾಳಿಯಿಂದ ಪಾರಾದ ಆ ನಾವಿಕನು ಅನಂತರವೂ ಗುಲಾಮರ ಹಡಗುಗಳಲ್ಲಿ ದುಡಿದನು. 1750ರಿಂದ 1754ರವರೆಗೆ ಅಂಥ ಹಡಗುಗಳಿಗೆ ಕಪ್ತಾನನೇ ಆಗಿದ್ದನು. ಮೇಲಟ್ಟದಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಕೆಳಗೆ ಮನುಷ್ಯರು ಸಂಕೋಲೆಯಲ್ಲಿ ಕೊಳೆಯುತ್ತಿದ್ದರು. ತನಗೆ ತುತ್ತು ಕೊಟ್ಟವರ ಬಂಧುಗಳನ್ನೇ ಮಾರುತ್ತಿದ್ದೇನೆಂಬ ಅರಿವು ಆತನಿಗಾಗಲಿಲ್ಲ. ಕೊನೆಗೆ ಸಮುದ್ರಯಾನವನ್ನು ಬಿಡಿಸಿದ್ದು ಮನಸ್ಸಾಕ್ಷಿಯಲ್ಲ, ಹಠಾತ್ತಾಗಿ ಎರಗಿದ ಕಾಯಿಲೆ.

ಲಿವರ್‌ಪೂಲಿನ ಸುಂಕದ ಕಚೇರಿಯಲ್ಲಿ ಕೆಲಸ ಮಾಡುತ್ತ ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತು, 1764ರಲ್ಲಿ ದೀಕ್ಷೆ ಪಡೆದು ಓಲ್ನಿಗೆ ಬಂದನು. 1767ರಲ್ಲಿ ಕವಿ ವಿಲಿಯಂ ಕೌಪರ್ ಅಲ್ಲಿಗೆ ಬಂದು ನೆಲೆಸಿದನು. ಇಬ್ಬರೂ ಕೂಡಿ ಬರೆದ ‘ಓಲ್ನಿ ಹಿಮ್ಸ್’ 1779ರಲ್ಲಿ ಅಚ್ಚಾಯಿತು. ಆದರೆ 1773ರ ಆ ಜನವರಿಯಲ್ಲೇ ಕೌಪರನ ಮನಸ್ಸು ಕದಡಿತು. ದೇವರು ತನ್ನನ್ನು ಕೈಬಿಟ್ಟನೆಂಬ ಭ್ರಾಂತಿ ಮತ್ತೆಂದೂ ಆತನನ್ನು ಪೂರ್ತಿಯಾಗಿ ಬಿಡಲಿಲ್ಲ. ಒಬ್ಬನು ಭರವಸೆಯ ಗೀತೆ ಕಟ್ಟಿದ ಕಾಲದಲ್ಲೇ ಆತನ ಪ್ರಾಣಮಿತ್ರನು ಕತ್ತಲೆಗೆ ಇಳಿದನು. ನ್ಯೂಟನ್ ಉಪದೇಶದಿಂದ ತೃಪ್ತನಾಗದೆ, ಮಿತ್ರನನ್ನು ತಿಂಗಳುಗಟ್ಟಲೆ ತನ್ನ ಮನೆಯಲ್ಲೇ ಇರಿಸಿಕೊಂಡು ಕಾದನು.

1780ರಲ್ಲಿ ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ಚರ್ಚಿಗೆ ಹೋದನು. 1785ರಲ್ಲಿ ತರುಣ ಶಾಸನಸಭಾ ಸದಸ್ಯ ವಿಲ್ಬರ್‌ಫೋರ್ಸ್ ಸಲಹೆ ಬೇಡಿ ಬಂದಾಗ, ರಾಜಕೀಯವನ್ನು ತ್ಯಜಿಸದೆ ಅಲ್ಲಿಯೇ ದೇವರ ಸೇವೆ ಮಾಡಲು ಪ್ರೇರಿಸಿದನು. 1788ರಲ್ಲಿ, ಕಪ್ತಾನಗಿರಿ ಬಿಟ್ಟ 34 ವರ್ಷಗಳ ಮೇಲೆ, ಆಫ್ರಿಕದ ಗುಲಾಮ ವ್ಯಾಪಾರವನ್ನು ಕುರಿತು ಕಿರುಹೊತ್ತಗೆಯೊಂದನ್ನು ಪ್ರಕಟಿಸಿ, ತನ್ನ ಕೈಯಿಂದಾದ ಪಾಪವನ್ನು ಬಹಿರಂಗವಾಗಿ ಒಪ್ಪಿಕೊಂಡನು. ಕಂಡದ್ದನ್ನು, ಮಾಡಿದ್ದನ್ನು ಕಾಮನ್ಸ್ ಸಭೆಯ ಸಮಿತಿಯ ಮುಂದೆಯೂ ಸಾಕ್ಷಿ ನುಡಿದನು. 1807ರ ಮಾರ್ಚಿನಲ್ಲಿ ಆ ವ್ಯಾಪಾರವನ್ನು ನಿಷೇಧಿಸುವ ಶಾಸನ ಅಂಗೀಕೃತವಾಯಿತು. ಅದೇ ಡಿಸೆಂಬರ್ 21ರಂದು, ಕಣ್ಣು ಮಂಜಾಗಿದ್ದ ಆ ವೃದ್ಧನು ಕಣ್ಮುಚ್ಚಿದನು.

ಹೊಸ ವರ್ಷದ ಆ ಗೀತೆಯಲ್ಲಿ ಕಳೆದುದು, ನಡೆಯುತ್ತಿರುವುದು, ಬರಲಿರುವುದು ಮೂರೂ ಇವೆ. ಹಿಂದಿನದನ್ನು ಅಳಿಸಿ ಮುಂದಕ್ಕೆ ಹೋಗುವುದಲ್ಲ, ಹಿಂದಿನದನ್ನು ದೇವರ ಮುಂದೆ ತೆರೆದಿಟ್ಟು ಹೋಗುವುದೇ ಕ್ರೈಸ್ತರು ಹೇಳುವ ಭರವಸೆ. ನ್ಯೂಟನ್ನನಿಗೆ ಕೃಪೆ ಒಂದು ರಾತ್ರಿಯಲ್ಲಿ ದೊರಕಿತು. ಅದರ ಅರ್ಥ ತಿಳಿಯಲು ನಲವತ್ತು ವರ್ಷ ಹಿಡಿಯಿತು. ತಡವಾಯಿತೆಂಬುದು ನಿಜ, ತಡವಾಯಿತೆಂದು ಆತನು ಸುಮ್ಮನಿರಲಿಲ್ಲವೆಂಬುದೂ ಅಷ್ಟೇ ನಿಜ.