ಸಾವಿನ ಲೆಕ್ಕವನ್ನೂ ಬರೆದಿಟ್ಟ ಸರ್ಜನ್

1939ರ ಅಕ್ಟೋಬರ್ 7ರಂದು ಅಮೆರಿಕದ ನ್ಯೂ ಹೇವನ್‌ನಲ್ಲಿ ಹಾರ್ವೆ ಕುಶಿಂಗ್ ಹೃದಯಾಘಾತದಿಂದ ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ಮಿದುಳಿನೊಳಗೆ ದ್ರವ ತುಂಬಿದ ಒಂದು ಸಣ್ಣ ಸಿಸ್ಟ್ ಸಿಕ್ಕಿತು. 2,000ಕ್ಕೂ ಹೆಚ್ಚು ಮಿದುಳು ಗಡ್ಡೆಗಳ ಆಪರೇಷನ್ ಮಾಡಿದ್ದವರ ತಲೆಯಲ್ಲೇ ಒಂದು ಗಡ್ಡೆ ಸದ್ದಿಲ್ಲದೆ ಕೂತಿತ್ತು!

ಕುಶಿಂಗ್ ಹುಟ್ಟಿದ್ದು 1869ರಲ್ಲಿ, ಕ್ಲೀವ್‌ಲ್ಯಾಂಡ್‌ನ ವೈದ್ಯರ ಮನೆತನದಲ್ಲಿ. ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ಅವರು ಈಥರ್ ಕೊಟ್ಟ ರೋಗಿಯೊಬ್ಬರು ಸತ್ತುಹೋದರು. ಆ ಪೆಟ್ಟು ಅವರನ್ನು ಬಿಡಲಿಲ್ಲ. ಗೆಳೆಯ ಅರ್ನೆಸ್ಟ್ ಕಾಡ್‌ಮನ್ ಜೊತೆ ಸೇರಿ, ಅರಿವಳಿಕೆ ಕೊಡುವಾಗ ನಾಡಿ, ಉಸಿರಾಟ ಬರೆದಿಡುವ ಚಾರ್ಟ್ ಶುರು ಮಾಡಿದರು. 1901ರಲ್ಲಿ ಇಟಲಿಯಲ್ಲಿ ಬಿಪಿ ಅಳೆಯುವ ಪಟ್ಟಿ ನೋಡಿ ಅದನ್ನೂ ಅಮೆರಿಕಕ್ಕೆ ತಂದರು.

ಅವರನ್ನು ಬಹಳ ಕಾಡಿದ ಗಡ್ಡೆಗಳಲ್ಲೊಂದು ಪಿಟ್ಯುಟರಿ ಗ್ರಂಥಿಯ ಪಕ್ಕ ಬೆಳೆಯುವಂಥದ್ದು. ಅದಕ್ಕೆ ಕ್ರೇನಿಯೋಫರಿಂಜಿಯೋಮ ಅನ್ನೋ ಹೆಸರನ್ನು ಬಳಕೆಗೆ ತಂದವರು ಅವರೇ. ಅದರ ಸಿಸ್ಟ್‌ನಲ್ಲಿ ಹಳೇ ಎಂಜಿನ್ ಆಯಿಲ್‌ನಂಥ ದ್ರವ, ಹೊಳೆಯುವ ಕೊಲೆಸ್ಟ್ರಾಲ್ ಹರಳು. ಸಿಸ್ಟ್ ತಾನಾಗಿಯೇ ಒಡೆದರೆ, ಇಲ್ಲವೇ ಆಪರೇಷನ್ ವೇಳೆ ಸೋರಿದರೆ, ಆ ದ್ರವ ಮಿದುಳಿನ ಸುತ್ತಲಿನ ನೀರಿಗೆ ಸೇರಿ ಮಿದುಳಿನ ಪೊರೆಯನ್ನು ಕೆರಳಿಸುತ್ತೆ. ತೀವ್ರ ತಲೆನೋವು, ಜ್ವರ, ಕತ್ತು ಬಿಗಿತ: ಎಲ್ಲ ಸೋಂಕಿನ ಮೆನಿಂಜೈಟಿಸ್ ಥರವೇ. ಆದರೆ ಬೆನ್ನಿನಿಂದ ನೀರು ತೆಗೆದು ಕಲ್ಚರ್ ಮಾಡಿದರೆ ಬ್ಯಾಕ್ಟೀರಿಯಾ ಸಿಗಲ್ಲ. ಇದೇ ಕೆಮಿಕಲ್ ಮೆನಿಂಜೈಟಿಸ್. ಸೋಂಕು ಇಲ್ಲವೆಂದು ಖಾತ್ರಿಯಾಗುವವರೆಗೆ ಆಂಟಿಬಯಾಟಿಕ್ ಕೊಡ್ತಾರೆ. ಉರಿಯೂತ ತಗ್ಗಿಸೋದು ಸ್ಟೀರಾಯ್ಡ್.

ಕುಶಿಂಗ್ ಕೈಯಲ್ಲಿ ಈ ಔಷಧ ಇರಲಿಲ್ಲ. ಕಾರ್ಟಿಸೋನ್ ಅನ್ನು ಮೊದಲು ರೋಗಿಗೆ ಕೊಟ್ಟದ್ದೇ 1948ರಲ್ಲಿ. ವಿಚಿತ್ರ ನೋಡಿ: ಸ್ಟೀರಾಯ್ಡ್ ಅತಿಯಾಗಿ, ಬಹಳ ದಿನ ತಗೊಂಡರೆ ಮುಖ ಊದಿಕೊಳ್ಳುವ ಸ್ಥಿತಿಗೆ ಇವತ್ತು ಅವರದೇ ಹೆಸರಿದೆ, ಕುಶಿಂಗ್ ಸಿಂಡ್ರೋಮ್.

ಅವರೇನು ದೇವರಲ್ಲ. ಕಿರಿಯ ಡಾಕ್ಟರುಗಳ ಮೇಲೆ ಎಗರಾಡುತ್ತಿದ್ದ ಮುಂಗೋಪಿ. ಆದರೆ ಗೆದ್ದ ಕೇಸಿನಷ್ಟೇ ನಿಷ್ಠೆಯಿಂದ ಸೋತ ಕೇಸನ್ನೂ ಬರೆದಿಟ್ಟರು. ತಮ್ಮ ಕೈಯಲ್ಲಿ ಸತ್ತವರೆಷ್ಟು ಅಂತ ಪ್ರಕಟಿಸಿದರು. ರೋಗಿಗಳ ಫೋಟೋ, ಟಿಪ್ಪಣಿ, ಜಾಡಿಯಲ್ಲಿಟ್ಟ ಮಿದುಳುಗಳು ಯೇಲ್ ವಿಶ್ವವಿದ್ಯಾಲಯದಲ್ಲಿ ಈಗಲೂ ಇವೆ.

ನಮ್ಮೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆದಮೇಲೆ ಎಷ್ಟು ಜನರಿಗೆ ತೊಂದರೆಯಾಯಿತು, ಎಷ್ಟು ಜನ ಸತ್ತರು ಅಂತ ಕೇಳಿದರೆ ಲೆಕ್ಕ ಕೊಡುವವರು ಯಾರು? ಸರ್ಕಾರಿಯಾಗಲಿ ಖಾಸಗಿಯಾಗಲಿ, ಆ ಲೆಕ್ಕ ಕೇಳುವುದು ಡಾಕ್ಟರ ಮೇಲಿನ ದ್ವೇಷವಲ್ಲ. ನೂರು ವರ್ಷದ ಹಿಂದೆ ಒಬ್ಬ ಸರ್ಜನ್ ಕೇಳುವ ಮೊದಲೇ ಕೊಟ್ಟಿದ್ದರು.